ಸಮಾಜಸೇವೆಯೂ ಕಲಿತು ಮಾಡತಕ್ಕ ವೃತ್ತಿಯೇ

ನಮ್ಮ ಶಾಲೆಯಲ್ಲಿ ಓದಿದ ಬಾಲಿಕೆಯರು ಮುಂದೆ ಏನಾಗಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ತಾಯಿತಂದೆಗಳ ಬಾಯಲ್ಲಿ ಎರಡು ಮಾತುಗಳು ಮೊದಲು ಬರುವುವು: ಉಪಾಧ್ಯಾಯಿನಿ, ಇಲ್ಲವೆ ದಾದಿ. ಈಚೆಗೆ ಬೆಂಗಳೂರಿನ ಕಂಪೆನಿಯ ಕೆಲಸವೂ ಇವುಗಳ ಜೊತೆಗೆ ಸೇರಿದೆ. ಮೂರೂ ಗೌರವದ ಕೆಲಸಗಳೇ. ಅವನ್ನು ನಾವು ಹಳಿಯುವುದಿಲ್ಲ. ಆದರೆ ನಾಲ್ಕನೆಯದೊಂದು ವೃತ್ತಿಯುಂಟು. ಚಿನ್ನದ ಗಣಿಯ ಪೇಟೆಗಳಲ್ಲಿಯೂ ಬಂಗಾರಪೇಟೆಯ ಸುತ್ತಮುತ್ತಲೂ ಅದರ ಅಗತ್ಯವು ಬಹಳವಾಗಿದೆ. ಅದು ಸಮಾಜಕಾರ್ಯ; ಅದರಲ್ಲಿಯೂ, ಕಷ್ಟಕ್ಕೆ ಸಿಕ್ಕಿದ ಒಂದು ಕುಟುಂಬದ ಸಂಗತಿಯನ್ನು ಕೈಗೆತ್ತಿಕೊಂಡು ಕೊನೆಮುಟ್ಟಿಸುವ, ಕಚೇರಿಗಳಲ್ಲಿ ಕೇಸ್ ವರ್ಕರ್ ಎನಿಸಿಕೊಳ್ಳುವ ಕೆಲಸ. ನಮ್ಮ ಹೆಣ್ಣುಮಕ್ಕಳು ಇದನ್ನು ಕ್ರಮವಾಗಿ ಕಲಿತು, ಸಂಬಳ ಪಡೆದು, ನಮ್ಮ ಊರುಗಳಲ್ಲಿಯೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಇದರ ಅಗತ್ಯವೇನೆಂದು ಕೇಳುವವರು ಗಣಿಯ ಲೈನ್ ಮನೆಗಳನ್ನು ನೆನೆಯಲಿ. 1880ರಿಂದ ಜಾನ್ ಟೇಲರ್ ಕಂಪೆನಿಯವರ ಕೈಯಲ್ಲಿ ಬೆಳೆದ ಗಣಿಗಳು ಕಡೆಗೆ 2001ನೆಯ ಫೆಬ್ರವರಿ 28ರಂದು ಮುಚ್ಚಿದುವು. ಗಣಿ ಮುಚ್ಚಿತೇ ಹೊರತು ಗಣಿಯ ರೋಗವು ಮುಚ್ಚಲಿಲ್ಲ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಈ ಗಣಿಗಳಿಂದಲೇ. ಇದು ದೂಳನ್ನು ಬಿಟ್ಟು ಬಂದ ಎಷ್ಟೋ ವರ್ಷಗಳ ಮೇಲೂ ತಲೆಯೆತ್ತಬಲ್ಲುದು; ಇದು ಹೊಕ್ಕ ಎದೆಗೆ ಕ್ಷಯವೂ ಸುಲಭವಾಗಿ ತಗಲುವುದು. ಇಂತಹ ಒಂದು ಮನೆಯಲ್ಲಿ ಯಜಮಾನನು ಹಾಸಿಗೆ ಹಿಡಿದನೆನ್ನಿ. ಆತನಿಗೆ ಎಕ್ಸ್‌ರೇ ಆಗಬೇಕು, ಔಷಧ ತಪ್ಪಬಾರದು. ಮುದುಕಿ ತಾಯಿಯ ಮಾಸಾಶನಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಹೋಗಬೇಕು. ಹಿರಿಯ ಮಗಳು ಶಾಲೆ ಬಿಡದಂತೆ ನೋಡಿಕೊಳ್ಳಬೇಕು. ಸಾಲಗಾರನಿಗೆ ಉತ್ತರ ಹೇಳಬೇಕು. ಆಸ್ಪತ್ರೆಯವರು ಎದೆಯನ್ನು ಬಲ್ಲರು, ಕಚೇರಿಯವರು ಅರ್ಜಿಯನ್ನು ಬಲ್ಲರು, ಉಪಾಧ್ಯಾಯಿನಿಯು ಹುಡುಗಿಯನ್ನು ಬಲ್ಲಳು. ಮನೆಯನ್ನು ಮನೆಯಾಗಿ ಬಲ್ಲವರು ಯಾರು? ಆ ಸ್ಥಾನವೇ ಈ ವೃತ್ತಿಯವಳದು. ಅವಳು ಮನೆಗೆ ಹೋಗಿ ಕೇಳಿಕೊಳ್ಳುವಳು, ಬರೆದಿಡುವಳು, ಮನೆಯವರೊಡನೆ ಕೂಡಿ ಒಂದು ಯೋಜನೆ ಮಾಡುವಳು, ಬೇಕಾದ ಕಡೆಗೆ ಜೊತೆಯಲ್ಲಿ ನಡೆಯುವಳು. ಅವರು ತಮ್ಮ ಕಾಲಮೇಲೆ ನಿಂತ ದಿನ ಕಡತವನ್ನು ಮುಗಿಸುವಳು.

ಈ ಕೆಲಸಕ್ಕೆ ನಮ್ಮ ಬಾಲಿಕೆಯರಲ್ಲಿ ಒಂದು ವಿಶೇಷ ಯೋಗ್ಯತೆಯುಂಟು. ಗಣಿಯ ಮನೆಗಳಲ್ಲಿ ತಮಿಳು ತೆಲುಗುಗಳು ಹೆಚ್ಚು. ಕಚೇರಿಯ ಕಾಗದಗಳು ಕನ್ನಡದಲ್ಲಿ. ರಾಬರ್ಟ್‌ಸನ್‌ಪೇಟೆಯಲ್ಲಿಯೋ ಆಂಡರ್ಸನ್‌ಪೇಟೆಯಲ್ಲಿಯೋ ಆಡಿ ಬೆಳೆದ ಹುಡುಗಿಗೆ ಈ ಭಾಷೆಗಳೆಲ್ಲ ನಾಲಗೆಯ ಮೇಲೆಯೇ ಇರುವುವು. ಪರಸ್ಥಳದಿಂದ ಬಂದ ಪದವೀಧರೆಯು ಅನೇಕ ವರ್ಷ ಕಲಿಯಬೇಕಾದುದನ್ನು ಇವಳು ಕೇರಿಯಲ್ಲಿಯೇ ಕಲಿತಿರುವಳು.

ಇಷ್ಟಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಲದೆ, ಪರೀಕ್ಷೆ ಪದವಿಗಳೇಕೆ ಎನ್ನುವವರುಂಟು. ಸಾಲದೆಂಬುದೇ ನಮ್ಮ ವಾದ. ಗಂಡನ ಏಟು ತಿಂದು ಬಂದವಳಿಗೆ ಒಳ್ಳೆಯ ಮನಸ್ಸಿನವರೇ ಅಲ್ಲವೆ 'ಹೊಂದಿಕೊಂಡು ಹೋಗಮ್ಮಾ' ಎಂದು ಹೇಳಿ ಕಳುಹಿಸುವವರು? ಒಳ್ಳೆಯ ಮನಸ್ಸಿನವರೇ ಅಲ್ಲವೆ ಅವಳ ಗುಟ್ಟನ್ನು ಮರುಕದಿಂದ ನಾಲ್ವರ ಕಿವಿಗೆ ಹಾಕುವವರು? ಮಗುವಿನ ಮೇಲೆ ಲೈಂಗಿಕ ಅತ್ಯಾಚಾರವಾದುದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸುತ್ತದೆ. ಮನೆತನದ ಮಾನಕ್ಕಾಗಿ ಮುಚ್ಚಿಡುವುದು ಅಪರಾಧ. ಯಾವುದನ್ನು ಗುಟ್ಟಾಗಿಡಬೇಕು, ಯಾವುದನ್ನು ಇಡಕೂಡದು, ಬಂದವಳ ಪರವಾಗಿ ತಾನೇ ತೀರ್ಮಾನ ಮಾಡದೆ ಅವಳೇ ತೀರ್ಮಾನಿಸುವಂತೆ ನೆರವಾಗುವುದು ಹೇಗೆ ಎಂಬಿವು ಹಿರಿಯರ ಮೇಲ್ವಿಚಾರಣೆಯಲ್ಲಿ ಅಭ್ಯಾಸದಿಂದ ಬರತಕ್ಕವು.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. 1895ರಲ್ಲಿಯೇ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯು ರೋಗಿಗಳ ಮನೆಯ ಸ್ಥಿತಿಗತಿಗಳನ್ನು ವಿಚಾರಿಸಲು ಮೇರಿ ಸ್ಟೂವರ್ಟ್ ಎಂಬ ಮಹಿಳೆಯನ್ನು ನೇಮಿಸಿಕೊಂಡಿತು. ನಮ್ಮ ದೇಶದಲ್ಲಿ, ಮುಂಬಯಿಯ ನಾಗಪಾಡಾ ಬಡಾವಣೆಯಲ್ಲಿ ಕೆಲಸಮಾಡುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷರ್ಟರು, ಅನುಕಂಪಕ್ಕೆ ಶಿಕ್ಷಣವೂ ಕೂಡಬೇಕೆಂದು ಕಂಡು, 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯ ಆರಂಭಕ್ಕೆ ಕಾರಣರಾದರು. ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯು ಬೇಕೆಂದು 1948ರ ಕಾರ್ಖಾನೆ ಕಾಯಿದೆಯು ವಿಧಿಸಿತು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯು ರಕ್ಷಣಾಧಿಕಾರಿಗಳನ್ನು ಕೇಳಿತು. 2015ರ ಬಾಲನ್ಯಾಯ ಕಾಯಿದೆಯು ರಕ್ಷಣೆಗೆ ಬಂದ ಮಗುವಿಗೆ ಪ್ರತ್ಯೇಕ ಪಾಲನಾ ಯೋಜನೆಯೊಂದು ಇರಬೇಕೆಂದಿತು. ನೊಂದ ಸ್ತ್ರೀಯರಿಗಾಗಿ ಅದೇ ವರ್ಷ ಮೊದಲಾದ ಸಖಿ ಕೇಂದ್ರಗಳಲ್ಲಿಯೂ ಕೇಸ್ ವರ್ಕರುಗಳ ಹುದ್ದೆಗಳುಂಟು. ಕಾನೂನು ಸ್ಥಾನಗಳನ್ನು ಕಲ್ಪಿಸಿದೆ. ಅವುಗಳಿಗೆ ತಕ್ಕವರನ್ನು ಒದಗಿಸಬೇಕಾದುದು ಶಾಲೆಗಳೂ ಮನೆಗಳೂ.

ದಾರಿ ಹೇಗೆಂದರೆ: ಪಿ.ಯು.ಸಿ.ಯ ಮೇಲೆ ಬಿ.ಎಸ್.ಡಬ್ಲ್ಯು. ಎಂಬ ಪದವಿಯನ್ನು ಓದಬಹುದು. ಬೇರೆ ವಿಷಯದಲ್ಲಿ ಪದವಿ ಪಡೆದವರೂ ಸಾಮಾನ್ಯವಾಗಿ ಎರಡು ವರ್ಷದ ಎಂ.ಎಸ್.ಡಬ್ಲ್ಯು.ಗೆ ಸೇರಬಹುದು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ, 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಲ್ಲಿಯೂ ಈ ಶಿಕ್ಷಣವುಂಟು. ತರಗತಿಯ ಪಾಠದಷ್ಟೇ ಮುಖ್ಯವಾದುದು ಆಸ್ಪತ್ರೆ, ಕೇರಿ, ಬಾಲಮಂದಿರಗಳಲ್ಲಿ ಮಾಡುವ ಕ್ಷೇತ್ರಕಾರ್ಯ. ಮನೋರೋಗಿಗಳ ಸೇವೆಗೆ ಹೋಗಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾದ ಸ್ಥಳ, ಅದಕ್ಕೆ ಎಂ.ಎಸ್.ಡಬ್ಲ್ಯು.ನ ಮೇಲೆ ಎರಡು ವರ್ಷದ ಎಂ.ಫಿಲ್. ಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳಿತು. ಎಂ.ಫಿಲ್. ಪದವಿಯ ನಿಯಮಗಳು ಈಚೆಗೆ ಬದಲಾಗುತ್ತಿರುವುದರಿಂದ ಸೇರುವ ಮುನ್ನ ಸಂಸ್ಥೆಯಲ್ಲಿಯೇ ವಿಚಾರಿಸುವುದು ಲೇಸು. ಮಾರಿಕುಪ್ಪದಿಂದಲೂ ಬಂಗಾರಪೇಟೆಯಿಂದಲೂ ಬೆಂಗಳೂರಿಗೆ ರೈಲು ಇರುವುದರಿಂದ ಮನೆಯಲ್ಲಿದ್ದುಕೊಂಡೇ ಓದುವುದೂ ಅಸಾಧ್ಯವಲ್ಲ.

ತಾಯಿತಂದೆಗಳ ಶಂಕೆಗಳನ್ನು ನಾವು ಬಲ್ಲೆವು. ಸೇವೆಗೆ ಸಂಬಳವೆ ಎನ್ನುವರು. ದಾದಿಗೆ ಸಂಬಳವಿದೆಯೆಂದು ಆಕೆಯ ಕರುಣೆ ಕಡಮೆಯಾಯಿತೆ? ಸಂಬಳವಿಲ್ಲದೆ ಬಂದವಳು ಮನೆಯ ಅಡಚಣೆಯಿಂದ ನಡುವೆ ಬಿಟ್ಟುಹೋದರೆ, ನಂಬಿದ ಕುಟುಂಬವು ಎರಡನೆಯ ಸಲ ಕೈಬಿಟ್ಟಂತಾಗುವುದು. ಅನ್ಯರ ಮನೆಗೆ, ಠಾಣೆಗೆ, ಕೋರ್ಟಿಗೆ ಹೆಣ್ಣುಮಗಳು ಹೋಗುವುದು ಹೇಗೆ ಎನ್ನುವರು. ಒಂಟಿಯಾಗಿ ಕನಿಕರದಿಂದ ಹೋಗುವವಳಿಗಿಂತ ಸಂಸ್ಥೆಯ ಗುರುತು, ಹಿರಿಯಳ ಮೇಲ್ವಿಚಾರಣೆ, ಕಾನೂನಿನ ತಿಳಿವಳಿಕೆ ಇರುವವಳು ಕ್ಷೇಮವಾಗಿರುವಳು. ಇನ್ನು ಸಂಬಳ ಅಲ್ಪ, ಹುದ್ದೆ ಗುತ್ತಿಗೆಯದು ಎನ್ನುವರು. ಇದು ಅನೇಕ ಕಡೆಗಳಲ್ಲಿ ನಿಜ. ಇದನ್ನು ಮರೆಮಾಡಿ ಯಾರನ್ನೂ ಕರೆಯುವುದು ನಮಗೆ ಇಷ್ಟವಿಲ್ಲ. ಆದರೆ ಇದಕ್ಕೆ ಪರಿಹಾರವು ಹೆಣ್ಣುಮಕ್ಕಳನ್ನು ತಡೆಯುವುದಲ್ಲ. ಈ ಕೆಲಸಕ್ಕೆ ಕಾಯಂ ಹುದ್ದೆಯೂ ತಕ್ಕ ವೇತನವೂ ಬೇಕೆಂದು ನಾವೆಲ್ಲರೂ ಕೇಳುವುದು. ಪುಕ್ಕಟೆಯಾಗಿ ಮಾಡತಕ್ಕ ಪುಣ್ಯಕಾರ್ಯವೆಂದು ನಾವೇ ಹೇಳುತ್ತಿರುವವರೆಗೆ ಸರ್ಕಾರವೇಕೆ ಹೆಚ್ಚು ಕೊಟ್ಟೀತು?

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟು. ಕ್ಷೇತ್ರಕಾರ್ಯದ ದಿನಗಳಲ್ಲಿ ಸಂಬಳವಿಲ್ಲ, ಓಡಾಟದ ಖರ್ಚು ಮಾತ್ರ ಉಂಟು. ಬಡ ಹುಡುಗಿಯರು ಹಿಂಜರಿಯುವುದು ಅಲ್ಲಿಯೇ. ವರ್ಷಕ್ಕೆ ಒಬ್ಬಳ ರೈಲು ಪಾಸು, ಪುಸ್ತಕ, ಊಟದ ವೆಚ್ಚವನ್ನು ನಮ್ಮ ಸಂಘವು ವಹಿಸಿಕೊಂಡರೂ ಸಾಕು, ಆರಂಭವಾದಂತೆಯೇ. ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ಸೋದರಿಯರು ಅವಳಿಗೆ ತಮ್ಮಲ್ಲಿ ಕಲಿಯಲು ಅವಕಾಶ ಮಾಡಿಕೊಡಲಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಮಗಳ ಮುಂದಿನ ಓದನ್ನು ಮನೆಯಲ್ಲಿ ಮಾತನಾಡುವಾಗ ಈ ವೃತ್ತಿಯ ಹೆಸರನ್ನೂ ಒಮ್ಮೆ ಎತ್ತಬೇಕೆಂದು ತಾಯಿತಂದೆಗಳನ್ನು ಬೇಡುತ್ತೇವೆ.