ಸೋಲಿಗೆ ಜೀರ್ಣೋದ್ಧಾರ ಅನ್ನಬೇಡಿ

ಐಸ್ ಹಾಕಿಯ ಕುರಿತ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವಾಗ ಒಂದೇ ಪದದ ಮುಂದೆ ಅರ್ಧ ದಿನ ಕೂತಿದ್ದೆ: ‘ರೀಬಿಲ್ಡ್’. ಸೀಸನ್ ಕೆಟ್ಟರೆ ತಂಡದ ಮ್ಯಾನೇಜರುಗಳು ಮೊದಲು ಆಡುವ ಮಾತು ಇದೇ. ಪುನರ್ನಿರ್ಮಾಣ ಅಂದರೆ ಸರ್ಕಾರಿ ಟೆಂಡರಿನ ವಾಸನೆ. ಜೀರ್ಣೋದ್ಧಾರ ಅಂತ ಬರೆದೆ, ಹೊಡೆದುಹಾಕಿದೆ. ಗುಡಿಯ ಜೀರ್ಣೋದ್ಧಾರವಾಗುವಾಗ ದೇವರನ್ನು ಬಾಲಾಲಯದಲ್ಲಿ ಕೂರಿಸುತ್ತಾರೆ. ಗೋಡೆ ಬಿಚ್ಚಿದ್ದರೂ ನಿತ್ಯಪೂಜೆ ನಿಲ್ಲುವುದಿಲ್ಲ. ಆ ಬರಹದಲ್ಲಿದ್ದ ಬಫಲೋ ಸೇಬರ್ಸ್ ತಂಡದಲ್ಲಿ ನಿಂತುಹೋದದ್ದು ಪೂಜೆಯೇ.

ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಎನ್‌ಎಚ್‌ಎಲ್‌ನಲ್ಲಿ ಕೊನೆಗೆ ಬಂದವರನ್ನು ಕೆಳದರ್ಜೆಗೆ ತಳ್ಳುವ ಪದ್ಧತಿ ಇಲ್ಲ. ಬದಲಿಗೆ, ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರಿಗೇ ಹೆಚ್ಚು ಅನುಕೂಲ. ಮೊದಲ ಆಯ್ಕೆ ಯಾರದೆಂದು ಲಾಟರಿ ಎತ್ತುತ್ತಾರೆ. ದುರ್ಬಲರಿಗೆ ಕೈಹಿಡಿಯಲು ಮಾಡಿದ ನಿಯಮ. ದುರ್ಬಲರಾಗುವುದೇ ಲಾಭ ಎಂದು ಓದಿಕೊಂಡವರೂ ಇದ್ದಾರೆ.

2013-14ರಲ್ಲಿ ಬಫಲೋ 82 ಪಂದ್ಯಗಳಿಂದ ಬರೀ 52 ಅಂಕ ಗಳಿಸಿ ಕೊನೆಯಲ್ಲಿತ್ತು. ಮುಂದಿನ ಡ್ರಾಫ್ಟ್‌ಗೆ ಕಾನರ್ ಮೆಕ್‌ಡೇವಿಡ್ ಎಂಬ ಅಸಾಧಾರಣ ಹುಡುಗ ಬರುವವನಿದ್ದ. 2015ರ ಫೆಬ್ರುವರಿಯಲ್ಲಿ ಗೋಲ್‌ಕೀಪರ್ ಯೋನಾಸ್ ಎನ್ರೋತ್ ಅವರನ್ನು ಡಲ್ಲಾಸ್‌ಗೆ, ಮಾರ್ಚ್‌ನಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಮಿಖಲ್ ನೊಯ್‌ವಿರ್ತ್ ಅವರನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕಳಿಸಿದರು. ಬಾಗಿಲು ಕಾಯುವವರನ್ನೇ ಒಬ್ಬೊಬ್ಬರಾಗಿ ಸಾಗಹಾಕಿದ ಮೇಲೆ ಉದ್ದೇಶ ಕೇಳಬೇಕೇ?

ಆ ವರ್ಷದ ಮಾರ್ಚ್ 26ರ ರಾತ್ರಿಯನ್ನು ನಾನು ಕ್ಷಮಿಸಲಾರೆ. ತಳದಲ್ಲೇ ಒದ್ದಾಡುತ್ತಿದ್ದ ಅರಿಝೋನಾ ತಂಡ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಗೆದ್ದಾಗ ಬಫಲೋದ ಸ್ವಂತ ಅಂಗಳದಲ್ಲಿ, ಸ್ವಂತ ಅಭಿಮಾನಿಗಳು ಎದ್ದು ಕೇಕೆ ಹಾಕಿದರು. ಅವರನ್ನು ಬೈಯುವುದು ಸುಲಭ. ತಮ್ಮ ತಂಡ ಸೋತರೆ ಒಳ್ಳೆಯದು ಎಂದು ದುಡ್ಡು ಕೊಟ್ಟು ಬಂದವರಿಗೆ ಕಲಿಸಿದವರು ಯಾರು? ಬೆವರು ಸುರಿಸಿ ಆಡುತ್ತಿದ್ದವರು ಆ ಕೇಕೆಯನ್ನು ಕಿವಿಯಾರೆ ಕೇಳಬೇಕಾಯಿತು.

ಇಷ್ಟೆಲ್ಲ ಮಾಡಿ ಮತ್ತೆ ಕೊನೆಗೆ ಬಂದರೂ ಲಾಟರಿಯಲ್ಲಿ ಬಫಲೋಗೆ ಇದ್ದದ್ದು ಶೇ. 20ರ ಅವಕಾಶ. ಶೇ. 11.5 ಇದ್ದ ಎಡ್ಮಂಟನ್ ಗೆದ್ದಿತು. ಮೆಕ್‌ಡೇವಿಡ್ ಅಲ್ಲಿಗೆ ಹೋದ, ಬಫಲೋಗೆ ಜ್ಯಾಕ್ ಐಕಲ್ ಸಿಕ್ಕರು. ಪ್ರತಿಭೆಯೇನೂ ಕಡಿಮೆಯಿರಲಿಲ್ಲ. ಆದರೆ 2011ರ ನಂತರ 2025ರವರೆಗೆ ಸತತ 14 ಸೀಸನ್ ಈ ತಂಡ ಪ್ಲೇಆಫ್ ಮುಖ ನೋಡಲಿಲ್ಲ. ಅದು ಲೀಗ್ ದಾಖಲೆ.

ಶಿಕಾಗೋ ತಂಡ ತಳದಲ್ಲಿದ್ದಾಗಲೇ ಟೇವ್ಸ್ ಮತ್ತು ಕೇನ್‌ರನ್ನು ಪಡೆದು ಮೂರು ಕಪ್ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದಿತು. ಆದರೆ 2015ರ ಪ್ಲೇಆಫ್‌ನ ಶ್ರೇಷ್ಠ ಆಟಗಾರನೆನಿಸಿದ ಡಂಕನ್ ಕೀತ್ ಅವರಿಗೆ 2002ರ ಎರಡನೇ ಸುತ್ತಿನಲ್ಲಿ ಸಿಕ್ಕವರು. ಅದಕ್ಕೆ ಲಾಟರಿ ಬೇಕಿರಲಿಲ್ಲ, ಕಣ್ಣು ಬೇಕಿತ್ತು.

ಬಫಲೋದ ರಯಾನ್ ಓರೈಲಿ 2018ರಲ್ಲಿ, ಸೋಲನ್ನು ಸಹಜವೆಂದು ಒಪ್ಪುವ ಮನಸ್ಥಿತಿ ತಂಡದೊಳಗೆ ನುಸುಳಿದೆ, ಆಟದ ಮೇಲಿನ ಪ್ರೀತಿಯೇ ಆಗಾಗ ಹೊರಟುಹೋಗುತ್ತಿತ್ತು ಎಂದು ಬಾಯಿಬಿಟ್ಟು ಹೇಳಿದರು. ಆ ಬೇಸಿಗೆಯಲ್ಲೇ ಅವರನ್ನು ಸೇಂಟ್ ಲೂಯಿಸ್‌ಗೆ ಸಾಗಿಸಿದರು. (ಬದಲಿಗೆ ಬಂದ ಟೇಜ್ ಥಾಂಪ್ಸನ್ ಮುಂದೆ ದೊಡ್ಡ ಗೋಲುಗಾರನಾದರು, ಅದನ್ನು ಮುಚ್ಚಿಡುವುದಿಲ್ಲ.) 2019ರ ಜನವರಿ 3ರಂದು ಸೇಂಟ್ ಲೂಯಿಸ್ 31 ತಂಡಗಳಲ್ಲಿ ಕಟ್ಟಕಡೆಯದು. ಅವರು ಆಟಗಾರರನ್ನು ಮಾರಲು ಕೂರಲಿಲ್ಲ. ಕೋಚ್ ಆಗಲೇ ಬದಲಾಗಿದ್ದರು. ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲ್‌ಕೀಪರ್‌ಗೆ ಅವಕಾಶ ಕೊಟ್ಟರು. ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಅವರ ಕೈಯಲ್ಲಿತ್ತು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಓರೈಲಿ ಕೈಯಲ್ಲಿ.

ಐಕಲ್ ಕೂಡ ಉಳಿಯಲಿಲ್ಲ. ಕತ್ತಿನ ಶಸ್ತ್ರಚಿಕಿತ್ಸೆಯ ಜಗಳದ ನಂತರ 2021ರಲ್ಲಿ ವೇಗಸ್‌ಗೆ ಹೋಗಿ, 2023ರಲ್ಲಿ ಕಪ್ ಎತ್ತಿದರು. 2014ರಲ್ಲಿ ಕೊನೆಗೆ ಬಂದದ್ದರ ಫಲವಾಗಿ ಸಿಕ್ಕ ಸ್ಯಾಮ್ ರೈನ್‌ಹಾರ್ಟ್ ಅವರನ್ನೂ 2021ರಲ್ಲೇ ಫ್ಲಾರಿಡಾಗೆ ಕೊಟ್ಟಿದ್ದರು. 2024ರ ಜೂನ್ 24, ಫೈನಲ್‌ನ ಏಳನೇ ಪಂದ್ಯ. ಫ್ಲಾರಿಡಾ 2-1ರಿಂದ ಗೆದ್ದಿತು, ಗೆಲುವಿನ ಗೋಲು ರೈನ್‌ಹಾರ್ಟ್ ಅವರದು. ಎದುರು ಸೋತು ನಿಂತದ್ದು ಮೆಕ್‌ಡೇವಿಡ್‌ನ ಎಡ್ಮಂಟನ್. ಬಫಲೋ ಆ ವರ್ಷವೂ ಪ್ಲೇಆಫ್‌ಗೆ ಬಂದಿರಲಿಲ್ಲ.