ಮನೆಯ ಯಂತ್ರಗಳು: ಮೆಲುದನಿಗೆ ತಕ್ಕ ಪ್ರೀಆಂಪ್

ರಾಮನಾಥಪುರದ ವಾಚಕರೊಬ್ಬರು ಈ ಅಂಕಣಕ್ಕೆ ಬರೆದು ಹೀಗೆ ಕೇಳಿರುವರು: “ನಮ್ಮ ಮನೆಯಲ್ಲಿ ಎಂಬತ್ತಾರು ವರ್ಷದ ದೊಡ್ಡಮ್ಮನವರಿದ್ದಾರೆ. ಸಂಕೇತಿ ಮಾತಿನ ಹಾಡು, ಗಾದೆ, ಹಳೆಯ ಸಂಗತಿಗಳೆಲ್ಲವೂ ಅವರಿಗೆ ಬಾಯಿಪಾಠ. ಆದರೆ ದನಿ ಈಗ ಬಹಳ ಸಣ್ಣದಾಗಿದೆ. ಮೊಬೈಲಿನಲ್ಲಿ ಹಿಡಿದರೆ ಮಾತಿಗಿಂತ ಸುಯ್ಯೆಂಬ ಸದ್ದೇ ಹೆಚ್ಚಾಗಿ ಕೇಳುತ್ತದೆ. ಕೈಯಲ್ಲಿ ಒಯ್ಯಬಹುದಾದ ಪ್ರೀಆಂಪ್ ಒಂದನ್ನು ಕೊಳ್ಳಬೇಕೆಂದಿದ್ದೇವೆ. ಷಷ್ಠಿಯ ತೇರಿನ ದಿನದ ವಾದ್ಯಗಳನ್ನೂ ಅದರಿಂದಲೇ ಹಿಡಿಯಬೇಕೆಂಬ ಆಸೆಯುಂಟು. ಯಾವುದನ್ನು ಆರಿಸಿಕೊಳ್ಳಬೇಕು?”

ಈ ಪ್ರಶ್ನೆಯು ಒಂದು ಮನೆಗೆ ಮಾತ್ರ ಸೇರಿದ್ದಲ್ಲ. ರಾಮನಾಥಪುರಕ್ಕೆ ಸಮೀಪದಲ್ಲಿಯೇ, ಕಾವೇರಿಯ ದಡದ ಮೇಲೆ, ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣವಿರುವುದು. ಅಲ್ಲಿ 1920ರಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 2014ರಲ್ಲಿ ಕಾಲವಾದರು. ಆದರೂ ಅವರ ಕಂಠವನ್ನು ನಾವು ಇಂದಿಗೂ ಕೇಳಬಹುದು. ಏಕೆಂದರೆ ಅವರು ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು, ಅವರ ಗಾಯನವನ್ನು ಒಳ್ಳೆಯ ಯಂತ್ರಗಳು ಹಿಡಿದಿಟ್ಟಿವೆ. ವೇದಿಕೆಯನ್ನೇರಿದ ಕಂಠಗಳು ಹೀಗೆ ಉಳಿದುವು. ಹಸೆಯ ಮುಂದೆ, ತೊಟ್ಟಿಲ ಬಳಿಯಲ್ಲಿ, ಬೀಸುವ ಕಲ್ಲಿನೆದುರು ಹಾಡಿದ ತಾಯಂದಿರ ಕಂಠಗಳನ್ನು ಯಾರು ಹಿಡಿದಿಟ್ಟರು? ಸಂಕೇತಿ ಮಾತು ತಮಿಳು ಮಲೆಯಾಳಗಳ ನಂಟುಳ್ಳದ್ದು. ಕನ್ನಡದ ಸಹವಾಸದಿಂದ ಬಣ್ಣ ತಿರುಗಿದ್ದು. ಅದಕ್ಕೆ ತನ್ನದೇ ಆದ ಲಿಪಿಯಿಲ್ಲ. ಕನ್ನಡ ಅಕ್ಷರಗಳಲ್ಲಿ ಪದಗಳನ್ನು ಬರೆದುಕೊಳ್ಳಬಹುದಾದರೂ ಅವುಗಳ ಎಳೆತ, ಒತ್ತು, ರಾಗ ಇವು ಕಾಗದಕ್ಕೆ ಇಳಿಯಲಾರವು. ಆದಕಾರಣ ದೊಡ್ಡಮ್ಮನವರ ದನಿಯನ್ನು ಶುದ್ಧವಾಗಿ ಹಿಡಿಯುವುದು ವಿನೋದದ ಕೆಲಸವಲ್ಲ. ಮನೆತನದ ಆಸ್ತಿಯೊಂದನ್ನು ಕಾಪಾಡುವ ಕೆಲಸ.

ಪ್ರೀಆಂಪ್ ಎಂದರೇನೆಂಬುದನ್ನು ಮೊದಲು ತಿಳಿಯೋಣ. ಮೈಕು ಶಬ್ದವನ್ನು ವಿದ್ಯುತ್ತಾಗಿ ಮಾರ್ಪಡಿಸುವುದು. ಆ ವಿದ್ಯುತ್ತು ಅತ್ಯಲ್ಪವಾದುದರಿಂದ ಅದನ್ನು ನೂರಾರು ಪಟ್ಟು, ಕೆಲವು ವೇಳೆ ಸಾವಿರ ಪಟ್ಟು ಹೆಚ್ಚಿಸಿದ ಹೊರತು ರೆಕಾರ್ಡರಿಗೆ ಉಪಯೋಗಕ್ಕೆ ಬಾರದು. ಹೀಗೆ ಹೆಚ್ಚಿಸುವ ಮೊದಲನೆಯ ಮೆಟ್ಟಿಲೇ ಪ್ರೀಆಂಪ್. ಪ್ರತಿಯೊಂದು ಪ್ರೀಆಂಪಿನಲ್ಲಿಯೂ ಅದರದೇ ಆದ ಸಣ್ಣ ಸುಯಿಲೊಂದು ಇದ್ದೇ ಇರುವುದು. ಮೊದಲ ಕೊಡದಲ್ಲಿ ಬಿದ್ದ ಮಣ್ಣು ಕೊನೆಯ ಲೋಟದವರೆಗೂ ಬರುವಂತೆ, ಈ ಮೆಟ್ಟಿಲಿನಲ್ಲಿ ಸೇರಿದ ಸುಯಿಲು ಮಾತಿನೊಡನೆಯೇ ಬೆಳೆದು ಕಡೆಯವರೆಗೂ ಬರುವುದು. ಗಟ್ಟಿಯಾದ ದನಿಗೆ ಯಾವ ಪ್ರೀಆಂಪಾದರೂ ನಡೆದೀತು. ಪರೀಕ್ಷೆಯಾಗುವುದು ಮೆಲುದನಿಯಲ್ಲಿ. ಆದುದರಿಂದ ನಾವು ಹೇಳತಕ್ಕ ಮುಖ್ಯವಾದ ಮಾತು ಇದೊಂದೇ: ನೀವು ಹಿಡಿಯಬೇಕೆಂದಿರುವ ಶಬ್ದಗಳಲ್ಲೆಲ್ಲ ಅತ್ಯಂತ ಮೆಲ್ಲನೆಯದು ಯಾವುದೋ ಅದನ್ನೇ ಅಳತೆಗೋಲಾಗಿಟ್ಟುಕೊಂಡು ಪ್ರೀಆಂಪನ್ನು ಆರಿಸಿರಿ.

ಇದನ್ನು ಲೆಕ್ಕದಿಂದ ನೋಡಿದರೆ ಮನಸ್ಸಿಗೆ ನಾಟುವುದು. ಸಾಮಾನ್ಯವಾಗಿ ಮಾತನಾಡುವವರ ದನಿಯು ಒಂದು ಮೀಟರು ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುವುದು. ವೃದ್ಧರ ಸಣ್ಣ ದನಿಯು ಅಷ್ಟು ಬಲವಾಗಿ ಕೇಳಬೇಕಾದರೆ ಮೈಕು ಒಂದು ಗೇಣಿನಷ್ಟು ಹತ್ತಿರವಿರಬೇಕಾದೀತು. ಇಷ್ಟು ಶಬ್ದಕ್ಕೆ ವೇದಿಕೆಗಳಲ್ಲಿ ಹಿಡಿದು ಹಾಡುವ ಡೈನಮಿಕ್ ಮೈಕು ಕೊಡುವುದು ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 40 ಪಾಲು ಮಾತ್ರ. ಕಂಡೆನ್ಸರ್ ಜಾತಿಯ ಒಳ್ಳೆಯ ಮೈಕು ಅದೇ ದನಿಗೆ ಸುಮಾರು 400 ಪಾಲು ಕೊಡುವುದು. ಉತ್ತಮವಾದ ಪ್ರೀಆಂಪಿನ ಸ್ವಂತ ಸುಯಿಲು ಸುಮಾರು 0.3 ಪಾಲು; ಸಾಧಾರಣದ್ದರಲ್ಲಿ 2.5 ಪಾಲಿನಷ್ಟೂ ಇರಬಹುದು. ಈಗ ಭಾಗಿಸಿ ನೋಡಿರಿ. ಡೈನಮಿಕ್ ಮೈಕನ್ನು ಸಾಧಾರಣ ಪ್ರೀಆಂಪಿಗೆ ಸೇರಿಸಿದರೆ ಮಾತು ಸುಯಿಲಿಗಿಂತ 16 ಪಟ್ಟು ಮಾತ್ರ ಹೆಚ್ಚು. ಅದೇ ಮೈಕನ್ನು ಉತ್ತಮ ಪ್ರೀಆಂಪಿಗೆ ಸೇರಿಸಿದರೆ 130 ಪಟ್ಟಿಗೂ ಮಿಕ್ಕುವುದು. ಕಂಡೆನ್ಸರ್ ಮೈಕನ್ನು ಸಾಧಾರಣ ಪ್ರೀಆಂಪಿಗೆ ಸೇರಿಸಿದರೂ 160 ಪಟ್ಟಾಗುವುದು. ಅಂದಮೇಲೆ ಪ್ರೀಆಂಪಿನ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಯಾವ ಮೈಕಿಗಾಗಿ ಅದನ್ನು ಕೊಳ್ಳುತ್ತಿರುವೆವೆಂಬುದನ್ನು ನಿಶ್ಚಯಿಸತಕ್ಕದ್ದು.

ಅದಕ್ಕಿಂತಲೂ ಮೊದಲು, ಕಾಸು ಖರ್ಚಿಲ್ಲದ ಉಪಾಯವೊಂದುಂಟು. ಮೈಕಿಗೂ ಬಾಯಿಗೂ ನಡುವಣ ದೂರವನ್ನು ಅರ್ಧಕ್ಕೆ ಇಳಿಸಿದರೆ ಮೈಕಿಗೆ ತಲಪುವ ಶಬ್ದವು ಎರಡು ಪಟ್ಟಾಗುವುದು. ಎರಡಡಿಯಿಂದ ಅರ್ಧ ಅಡಿಗೆ ತಂದರೆ ನಾಲ್ಕು ಪಟ್ಟು. ಯಾವ ಅಂಗಡಿಯ ಯಂತ್ರವೂ ಇಷ್ಟು ಸುಲಭವಾಗಿ ಈ ಲಾಭವನ್ನು ಕೊಡಲಾರದು. ಆದರೆ ಮೈಕನ್ನು ನೇರವಾಗಿ ಬಾಯಿಗೆ ಹಿಡಿದರೆ ಹಿರಿಯರಿಗೆ ಸಂಕೋಚವಾಗುವುದು, ಉಸಿರಿನ ಸದ್ದೂ ಬಡಿಯುವುದು. ಗದ್ದದ ಕೆಳಗೆ ಸ್ವಲ್ಪ ಪಕ್ಕಕ್ಕೆ, ಸಣ್ಣ ಕಾಲುಮಣೆಯ ಮೇಲೆ ಇಟ್ಟರೆ ಅವರು ಅದನ್ನು ಮರೆತು ಮಾತನಾಡುವರು. ಆದ್ದರಿಂದ ಮೊದಲು ದೂರ, ಅನಂತರ ಮೈಕು, ಮೂರನೆಯದಾಗಿ ಪ್ರೀಆಂಪ್. ವಿಚಾರದ ಕ್ರಮವು ಇದು.

ಇನ್ನು ಪ್ರೀಆಂಪಿನ ಕಡೆಗೆ ಬರೋಣ. ಅದರ ಸುಯಿಲನ್ನು ತಯಾರಕರು ಇ.ಐ.ಎನ್. ಎಂಬ ಅಂಕಿಯಿಂದ ತಿಳಿಸುವರು. ಇದು ಸೊನ್ನೆಗಿಂತ ಎಷ್ಟು ಕೆಳಕ್ಕಿದ್ದರೆ ಅಷ್ಟು ಒಳ್ಳೆಯದು. ಸಾಮಾನ್ಯ ಮೈಕಿನ 150 ಓಮ್ ತಡೆಯಲ್ಲಿಯೇ ಉಷ್ಣದಿಂದ ಹುಟ್ಟುವ ಸಹಜವಾದ ಸುಯಿಲೊಂದಿರುವುದರಿಂದ ಸುಮಾರು −131 ಡಿ.ಬಿ.ಯು.ಗಿಂತ ಕೆಳಕ್ಕೆ ಹೋಗುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. −127 ಅಥವಾ −128 ಇದ್ದರೆ ಉತ್ತಮ. −120ರ ಆಚೀಚೆ ಇದ್ದರೆ ಕಂಡೆನ್ಸರ್ ಮೈಕಿಗೆ ಸಾಕು. −110 ಇದ್ದರೆ ಮೆಲುದನಿಗೆ ತಕ್ಕದ್ದಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಲವರು ಇದೇ ಅಂಕಿಯನ್ನು ಡಿ.ಬಿ.ವಿ.ಯಲ್ಲಿ ಬರೆಯುವರು, ಆಗ ಅದೇ ಯಂತ್ರವು 2.2ರಷ್ಟು ಹೆಚ್ಚು ನಿಶ್ಶಬ್ದವಾಗಿರುವಂತೆ ಕಾಣುವುದು. ‘ಎ’ ತೂಕದ ಅಳತೆಯೆಂದು ಬರೆದಿದ್ದರೂ ಅಂಕಿಯು ಸ್ವಲ್ಪ ಚೆಲುವಾಗಿಯೇ ತೋರುವುದು. ಸೇರನ್ನು ಸೇರಿನೊಡನೆಯೂ ಪಾವನ್ನು ಪಾವಿನೊಡನೆಯೂ ಹೋಲಿಸುವಂತೆ ಒಂದೇ ಅಳತೆಯ ಅಂಕಿಗಳನ್ನು ಮಾತ್ರ ಹೋಲಿಸಿ ನೋಡಬೇಕು.

ಕಂಡೆನ್ಸರ್ ಮೈಕಿಗೆ ನಡೆಯಲು ವಿದ್ಯುತ್ತು ಬೇಕು. ಅದನ್ನು ಪ್ರೀಆಂಪೇ ಮೂರು ಮೊಳೆಗಳ ಕೇಬಲಿನ ಮೂಲಕ ಕೊಡುವುದು. ಇದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಅದರ ಪ್ರಮಾಣ 48 ವೋಲ್ಟು. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪೆನಿಯವರು ನಾರ್ವೆ ದೇಶದ ರೇಡಿಯೋದವರಿಗಾಗಿ ಈ ಏರ್ಪಾಡನ್ನು ಮಾಡಿದರು. ಕೊಳ್ಳುವ ಪೆಟ್ಟಿಗೆಯಲ್ಲಿ 48 ವೋಲ್ಟು ಉಂಟೋ ಇಲ್ಲವೋ ಎಂಬುದನ್ನೂ, ಅದನ್ನು ಹಾಕಿದಾಗ ಬ್ಯಾಟರಿಯು ಎಷ್ಟು ಹೊತ್ತು ಬಾಳುವುದೆಂಬುದನ್ನೂ ಕೇಳಿ ತಿಳಿಯಬೇಕು. ಫ್ಯಾಂಟಮ್ ಇಲ್ಲದೆ ಹತ್ತು ಗಂಟೆ ನಡೆಯುವ ಯಂತ್ರವು ಅದನ್ನು ಹಾಕಿದರೆ ಬಹಳ ಬೇಗನೆ ದಣಿಯಬಹುದು. ಊರಿನ ಅಂಗಡಿಯಲ್ಲಿ ಸಿಗುವ ‘ಎ-ಎ’ ಸೆಲ್ಲುಗಳಿಂದ ನಡೆಯುವ ಯಂತ್ರವೇ ಹಳ್ಳಿಗಾಡಿಗೆ ಮೇಲು.

ಮನೆಯಲ್ಲಿ ಈಗಾಗಲೇ ಒಳ್ಳೆಯ ಡೈನಮಿಕ್ ಮೈಕಿದ್ದು, ರೆಕಾರ್ಡರಿನ ಪ್ರೀಆಂಪ್ ಮಾತ್ರ ಬಡವಾಗಿದ್ದರೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗಿಲ್ಲ. ಮೈಕಿಗೂ ರೆಕಾರ್ಡರಿಗೂ ನಡುವೆ ಸೇರಿಸುವ ಕ್ಲೌಡ್‌ಲಿಫ್ಟರ್ ಎಂಬ ಸಣ್ಣ ಪೆಟ್ಟಿಗೆಯೂ ಆ ಜಾತಿಯ ಬೇರೆ ಪೆಟ್ಟಿಗೆಗಳೂ ಸುಮಾರು 25 ಡೆಸಿಬೆಲ್, ಎಂದರೆ ಹದಿನೆಂಟು ಪಟ್ಟು, ವರ್ಧನವನ್ನು ನಿಶ್ಶಬ್ದವಾಗಿ ಕೊಡುವುವು. ಇವು ನಡೆಯುವುದೂ ಫ್ಯಾಂಟಮ್ ವಿದ್ಯುತ್ತಿನಿಂದಲೇ ಎಂಬುದನ್ನು ಮರೆಯಬಾರದು. ಕಂಡೆನ್ಸರ್ ಮೈಕಿಗೆ ಇವು ಬೇಕಾಗಿಲ್ಲ. ಆ ವಿದ್ಯುತ್ತು ಇವುಗಳನ್ನು ದಾಟಿ ಮೈಕಿಗೆ ಹೋಗುವುದೂ ಇಲ್ಲ.

ವಾಚಕರ ಪ್ರಶ್ನೆಯ ಎರಡನೆಯ ಭಾಗವು ತೇರಿನ ದಿನದ್ದು. ಮಾರ್ಗಶಿರ ಶುದ್ಧ ಷಷ್ಠಿಯ ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವದಲ್ಲಿ ಡೋಲು ನಾಗಸ್ವರಗಳ ಪಕ್ಕದಲ್ಲಿ ನಿಂತರೆ ಶಬ್ದವು 110 ಡೆಸಿಬೆಲನ್ನು ಮುಟ್ಟಬಹುದು. 50 ಡೆಸಿಬೆಲಿನ ಮೆಲುಮಾತಿಗಿಂತ ಇದರ ಒತ್ತಡವು ಸಾವಿರ ಪಟ್ಟು ಹೆಚ್ಚು. ಗೇನ್ ಗುಂಡಿಯನ್ನು ದೊಡ್ಡಮ್ಮನವರಿಗೆ ಹೊಂದಿಸಿಟ್ಟಲ್ಲಿಯೇ ಬಿಟ್ಟರೆ ಡೋಲಿನ ಪೆಟ್ಟು ಒಡೆದು ಹಾಳಾಗುವುದು. ಇದಕ್ಕಾಗಿ ಈಚಿನ ವರ್ಷಗಳಲ್ಲಿ ‘32 ಬಿಟ್ ಫ್ಲೋಟ್’ ಎಂಬ ಕ್ರಮವು ಬಳಕೆಗೆ ಬಂದಿರುವುದು. ಇಂಥ ಯಂತ್ರಗಳಲ್ಲಿ ಮೆಲ್ಲನೆಯ ಶಬ್ದವನ್ನು ಒಂದು ಪರಿವರ್ತಕವೂ ಗಟ್ಟಿಯದನ್ನು ಮತ್ತೊಂದೂ ಹಿಡಿದು, ಎರಡನ್ನೂ ಕೂಡಿಸಿ ಬರೆಯುವುವು. ಗುಂಡಿಯನ್ನು ತಿರುಗಿಸುವ ಚಿಂತೆ ಬಹುಮಟ್ಟಿಗೆ ತಪ್ಪುವುದು. ಆದರೆ ಅಂಗಡಿಯವರು ಇದನ್ನು ಸರ್ವರೋಗಕ್ಕೂ ಮದ್ದೆಂಬಂತೆ ಹೊಗಳಿದರೆ ನಂಬಬಾರದು. ಮೈಕಿನ ಪೊರೆಯೇ ತಡೆಯಲಾರದಷ್ಟು ಗಟ್ಟಿಯಾದ ಶಬ್ದವನ್ನು ಇದು ಉಳಿಸಲಾರದು. ಪ್ರೀಆಂಪಿನ ಸುಯಿಲನ್ನು ಕಡಮೆ ಮಾಡಲಾರದು. ಗಾಳಿಯ ಬಡಿತವನ್ನಂತೂ ತೆಗೆಯಲಾರದು.

ಹೆಸರು ಹೇಳಿ ಸೂಚಿಸಬೇಕೆಂದರೆ, 2022ರಲ್ಲಿ ಹೊರಬಂದ ಜೂಮ್ ಕಂಪೆನಿಯ ಎಫ್3 ಎಂಬುದು ಪ್ರೀಆಂಪೂ ರೆಕಾರ್ಡರೂ ಒಂದರಲ್ಲಿಯೇ ಕೂಡಿರುವ, ಅಂಗೈಯಲ್ಲಿ ಹಿಡಿಯುವ ಯಂತ್ರ. ಎರಡು ಮೈಕುಗಳನ್ನು ಸೇರಿಸಬಹುದು. 48 ವೋಲ್ಟು ಉಂಟು. ಎರಡು ‘ಎ-ಎ’ ಸೆಲ್ಲುಗಳಿಂದ ನಡೆಯುವುದು. ತಯಾರಕರು ಕೊಟ್ಟಿರುವ ಇ.ಐ.ಎನ್. ಅಂಕಿ −127 ಡಿ.ಬಿ.ಯು. 2019ರ ಸೌಂಡ್ ಡಿವೈಸಸ್ ಮಿಕ್ಸ್‌ಪ್ರೀ-3ರ ಎರಡನೆಯ ಆವೃತ್ತಿಯು ಇದಕ್ಕಿಂತ ದೊಡ್ಡದು, ಬೆಲೆಯೂ ಹೆಚ್ಚು. ಅದು ಇದನ್ನೇ ವೃತ್ತಿಯಾಗಿ ಮಾಡುವವರಿಗೆ ತಕ್ಕದ್ದು; ಗೃಹಸ್ಥರಿಗೆ ಅವಶ್ಯವಲ್ಲ. ಮೊದಲನೆಯ ಜಾತಿಯ ಸಣ್ಣ ಯಂತ್ರವೊಂದು, ಸ್ವಂತ ಸುಯಿಲು ಕಡಮೆಯಿರುವ ಕಂಡೆನ್ಸರ್ ಮೈಕೊಂದು, ಕಿವಿಯನ್ನು ಪೂರ್ತಿಯಾಗಿ ಮುಚ್ಚುವ ಹೆಡ್‌ಫೋನು, ಇಷ್ಟಿದ್ದರೆ ನಮ್ಮ ವಾಚಕರ ಎರಡು ಕೆಲಸಗಳೂ ನೆರವೇರುವುವು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಗಳು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿಯನ್ನು ಆರಂಭಿಸಿದಾಗ ದನಿಯನ್ನು ಹಿಡಿಯುವ ಸಾಧನಗಳು ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ಈಗ ಅವು ಎಲೆಯಡಿಕೆಯ ಚೀಲದಲ್ಲಿ ಹಿಡಿಸುವಷ್ಟು ಚಿಕ್ಕವಾಗಿವೆ.

ಯಂತ್ರವು ಉತ್ತಮವಾಗಿದ್ದರೂ ಸ್ಥಳವು ಕೆಟ್ಟದಾಗಿದ್ದರೆ ಫಲವಿಲ್ಲ. ಒಳಗೆ ಹಿಡಿಯುವಾಗ ಫ್ಯಾನು, ಫ್ರಿಜ್ಜು, ಇನ್ವರ್ಟರುಗಳನ್ನು ನಿಲ್ಲಿಸಿರಿ. ಯಂತ್ರವನ್ನು ಚಾರ್ಜರಿಗೆ ಸಿಕ್ಕಿಸದೆ ಬ್ಯಾಟರಿಯಿಂದಲೇ ನಡೆಸಿದರೆ ಗುಂಯ್ಯೆಂಬ ಸದ್ದು ಸೇರುವ ಸಂಭವವು ಕಡಮೆ. ಹೊಳೆಯ ದಡಕ್ಕೆ ಹೋದರೆ ಮೈಕಿಗೆ ತುಪ್ಪುಳಿನ ಗವಸನ್ನು ತೊಡಿಸಲೇಬೇಕು; ತೆಳುವಾದ ಸ್ಪಂಜಿನ ಟೋಪಿಯು ಕಾವೇರಿಯ ಗಾಳಿಗೆ ಸಾಲದು. 80 ಹರ್ಟ್ಸಿನ ಕೆಳಗಿನ ಸದ್ದನ್ನು ಸೋಸುವ ಗುಂಡಿಯಿದ್ದರೆ ಮಾತಿಗೆ ಅದನ್ನು ಹಾಕಿಕೊಳ್ಳಬಹುದು; ಡೋಲಿನ ಗಂಭೀರನಾದ ಬೇಕಾದಾಗ ತೆಗೆದುಬಿಡಬೇಕು.

ಕೊಳ್ಳುವ ಮುನ್ನ ಪರೀಕ್ಷೆ ಮಾಡುವ ಬಗೆ ಸುಲಭ. ನಿಮ್ಮ ಮೈಕನ್ನೇ ಒಯ್ಯಿರಿ. ಒಂದು ನಿಮಿಷ ಮೆಲ್ಲನೆ ಮಾತನಾಡಿ, ಒಂದು ನಿಮಿಷ ಸುಮ್ಮನಿದ್ದು, ಎರಡನ್ನೂ ಹಿಡಿದು ಹೆಡ್‌ಫೋನಿನಲ್ಲಿ ಕೇಳಿರಿ. ಮಾತು ಕೇಳಲು ಹಿತವಾಗಿರುವಷ್ಟು ಗಟ್ಟಿಯಾಗಿಟ್ಟಾಗ ಮೌನದ ನಿಮಿಷದಲ್ಲಿ ಏನು ಕೇಳುವುದೋ ಅದೇ ಆ ಯಂತ್ರದ ಯೋಗ್ಯತೆ. ಅಂಗಡಿಯಲ್ಲಿ ಗದ್ದಲವಿದ್ದರೆ, ಹಿಂದಿರುಗಿಸುವ ಅವಕಾಶವನ್ನು ಮಾತನಾಡಿಕೊಂಡು ಮನೆಯಲ್ಲಿಯೇ ಈ ಪರೀಕ್ಷೆಯನ್ನು ಮಾಡತಕ್ಕದ್ದು.

ಹಿಡಿದದ್ದನ್ನು ಕಾಪಾಡುವುದೂ ಈ ಕೆಲಸದ ಒಂದು ಭಾಗವೇ. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಒಂದು ಮೈಕಿನ ಒಂದು ಗಂಟೆಯ ಮಾತಿಗೆ ಸುಮಾರು 520 ಎಂ.ಬಿ. ಜಾಗ ಸಾಕು, 32 ಜಿ.ಬಿ.ಯ ಕಾರ್ಡಿನಲ್ಲಿ ಅರುವತ್ತು ಗಂಟೆ ಹಿಡಿಸುವುದು. ಆದಿಯಲ್ಲಿ ಹೇಳುವವರ ಹೆಸರು, ಊರು, ತಾರೀಖುಗಳನ್ನು ಬಾಯಿಂದಲೇ ಹೇಳಿಸಿರಿ. ಅವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮನೆಯವರಿಗೆ ಮಾತ್ರವೆಂದು ಅವರು ಹೇಳಿದುದನ್ನು ಹೊರಗೆ ಹಂಚಬೇಡಿರಿ. ಪ್ರತಿಯೊಂದನ್ನೂ ಎರಡು ಬೇರೆ ಬೇರೆ ಮನೆಗಳಲ್ಲಿ ಇಡಿರಿ.

ಕೊನೆಯದಾಗಿ ಒಂದು ಮಾತು. ಯಂತ್ರಗಳು ವರ್ಷ ವರ್ಷಕ್ಕೂ ಉತ್ತಮಗೊಳ್ಳುತ್ತಿರುವುವು. ಎಂಬತ್ತಾರರ ಕಂಠವು ಹಾಗಲ್ಲ. ಯೋಗ್ಯವಾದ ಪ್ರೀಆಂಪ್ ಕೈಗೆ ಬರುವವರೆಗೆ ಕೆಲಸವನ್ನು ತಡೆಯಬೇಡಿರಿ. ಫ್ಯಾನನ್ನು ನಿಲ್ಲಿಸಿ, ಇರುವ ಮೊಬೈಲನ್ನೇ ಅರ್ಧ ಅಡಿಯ ಹತ್ತಿರಕ್ಕೆ ತಂದು ಈ ವಾರವೇ ಒಂದು ಹಾಡನ್ನು ಹಿಡಿಯಿರಿ. ಸುಯಿಲಿನ ನಡುವೆ ಕೇಳುವ ಹಾಡೂ ಹಾಡೇ. ಹೊಸ ಯಂತ್ರವು ಬಂದ ದಿನ ಅದೇ ಹಾಡನ್ನು ಮತ್ತೊಮ್ಮೆ ಹೇಳಿಸಿಕೊಳ್ಳಬಹುದು. ಎರಡನೆಯ ಸಲ ಹೇಳುವಾಗ ಹಿರಿಯರಿಗೆ ಮರೆತಿದ್ದ ಇನ್ನೊಂದು ನುಡಿಯೂ ನೆನಪಿಗೆ ಬರುವುದುಂಟು.