ದೇವನಹಳ್ಳಿ ನಗರವಾಗಲಿ, ಆದರೆ ಯಾರ ನಗರ?

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಚಹರೆಯೇ ಬದಲಾಗಿದೆ. 2011ರ ಜನಗಣತಿಯಲ್ಲಿ 28 ಸಾವಿರ ಜನರಿದ್ದ ಊರು ಇದು. 50 ಸಾವಿರ ದಾಟಿದರೆ ನಗರಸಭೆಯ ದಾರಿ ತೆರೆಯುತ್ತದೆ ಎನ್ನುತ್ತದೆ 1964ರ ಪುರಸಭೆಗಳ ಕಾಯ್ದೆ. ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡರೆ ಲೆಕ್ಕ ಕೂಡಿಬರುವುದು ಕಷ್ಟವಲ್ಲ.

ಪೇಟೆಯ ಅಂಗಡಿಯವರು ‘ಆಗಲಿ’ ಎನ್ನುತ್ತಾರೆ. ಒಳಚರಂಡಿ, ಕುಡಿಯುವ ನೀರು, ರಸ್ತೆಗೆ ಹೆಚ್ಚು ಹಣ ಬಂದೀತೆಂಬ ಆಸೆ ಅವರದು. ಹಳ್ಳಿಯ ರೈತ ಹೆದರುತ್ತಾನೆ. ಕಂದಾಯ ಏರುತ್ತದೆ, ಗ್ರಾಮ ಪಂಚಾಯಿತಿ ಹೋಗುತ್ತದೆ, ಅದರೊಂದಿಗೆ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯೂ ಹೋಗುತ್ತದೆ. ಅವನ ಭಯ ಸುಳ್ಳಲ್ಲ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆಯೇ 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿದದ್ದು!

ನೆಲ ಕೊಟ್ಟವನ ಮಗನಿಗೆ ಸಿಗುವುದೇನು, ಗೇಟು ಕಾಯುವ ಕೆಲಸವೇ? 1986ರ ಸರೋಜಿನಿ ಮಹಿಷಿ ವರದಿ ಇಂದಿಗೂ ಪೂರ್ತಿ ಜಾರಿಯಾಗಿಲ್ಲ. ನಾಮಫಲಕದಲ್ಲಿ ಶೇ. 60 ಕನ್ನಡ ಬೇಕೆಂದು 2023ರ ಡಿಸೆಂಬರ್‌ನಲ್ಲಿ ಇದೇ ಸಾದಹಳ್ಳಿ ಟೋಲ್ ಬಳಿ ಕನ್ನಡಿಗರು ಬೀದಿಗಿಳಿಯಬೇಕಾಯಿತು. 2024ರಲ್ಲಿ ಅದು ಕಾನೂನಾಯಿತು. ಅಂಗಡಿಗೆ ಪರವಾನಗಿ ಕೊಡುವ ಪುರಸಭೆ, ನಗರಸಭೆಗಳು ಕಣ್ಣು ಮುಚ್ಚಿ ಕೂತರೆ ಆ ಕಾನೂನಿಗೆ ಬೆಲೆಯೆಲ್ಲಿ?

ಯುವಕರೇ, ನಗರವಾಗುವುದನ್ನು ತಡೆಯುವುದು ನಮ್ಮ ಕೆಲಸವಲ್ಲ. ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ. ಹಳ್ಳಿಹಳ್ಳಿಗೆ ಹೋಗಿ, ಕನ್ನಡದಲ್ಲಿ ಬರೆಸಿ, ಸಹಿ ಹಾಕಿಸಿ. ಮಣ್ಣಿನ ಮಕ್ಕಳಿಗೆ ಕೆಲಸ, ಕಚೇರಿಯಲ್ಲಿ ಕನ್ನಡ, ರೈತನ ಒಪ್ಪಿಗೆ, ಈ ಮೂರೂ ಇದ್ದರೆ ದೇವನಹಳ್ಳಿ ನಗರವಾಗಲಿ. ಇಲ್ಲದಿದ್ದರೆ ನಮ್ಮೂರಲ್ಲೇ ನಾವು ಪರದೇಶಿಗಳು!